ಪ್ರಶ್ನೆ ಕೇಳಿದ ಮೇಲಿನ ಮೂರು ಸೆಕೆಂಡು

ನಿನ್ನೆ ರಾತ್ರಿ ಎರಡೂವರೆ ಗಂಟೆ ಕೂತು ಇಪ್ಪತ್ತು ನಿಮಿಷದ ರೆಕಾರ್ಡಿಂಗ್ ಟೈಪ್ ಮಾಡಿ ಮುಗಿಸಿದೆ. ಒಂದು ವಿಜ್ಞಾನದ ಪಾಠ. ಟೀಚರ್ ಕೇಳುತ್ತಾರೆ, ಮಕ್ಕಳು ಹೇಳುತ್ತಾರೆ, ಟೀಚರ್ "ಸರಿ" ಎನ್ನುತ್ತಾರೆ. ಮಾತನ್ನು ಟೈಪ್ ಮಾಡುವುದು ಕಷ್ಟವಲ್ಲ. ನನಗೆ ಹೊತ್ತು ಹಿಡಿಯುವುದು ಮಾತಿಲ್ಲದ ಜಾಗ. ಪ್ರಶ್ನೆ ಮುಗಿದ ಮೇಲೆ ಮುಂದಿನ ದನಿ ಕೇಳಲು ಎಷ್ಟು ಹೊತ್ತಾಯಿತು ಅಂತ ಅಳೆದು, ಆವರಣದೊಳಗೆ 0.6, 0.9, 1.1 ಅಂತ ಬರೆಯಬೇಕು. ಮಾತುಕತೆಯನ್ನು ಬರೆದಿಡಲು ಸಮಾಜಶಾಸ್ತ್ರಜ್ಞೆ ಗೇಲ್ ಜೆಫರ್ಸನ್ ರೂಪಿಸಿದ ಪದ್ಧತಿ ಇದು. ಅಳೆಯಲು ಆಗದಷ್ಟು ಚಿಕ್ಕ ಮೌನಕ್ಕೂ ಅದರಲ್ಲಿ ಒಂದು ಚುಕ್ಕಿ ಇದೆ.

ನಾನು ಶಿಕ್ಷಣ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಅದಕ್ಕೆ ಮುಂಚೆ ಒಂಬತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ನನ್ನ ವಿಷಯ ಏನು ಅಂತ ಯಾರಾದರೂ ಕೇಳಿದರೆ, "ಟೀಚರ್ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ನೋಡ್ತಿದೀನಿ" ಎನ್ನುತ್ತೇನೆ. "ಅಷ್ಟೇನಾ?" ಎನ್ನುವವರು ಜಾಸ್ತಿ. ಅಷ್ಟೇ. ಆದರೆ ಅದರೊಳಗೆ ಇಳಿದ ಮೇಲೆ ನನಗೆ ಬೇರೆ ಏನೂ ಅಷ್ಟು ದೊಡ್ಡದಾಗಿ ಕಾಣಿಸುತ್ತಿಲ್ಲ.

ಇದನ್ನು ಮೊದಲು ಗಂಭೀರವಾಗಿ ಅಳೆದವರು ಮೇರಿ ಬಡ್ ರೋ. ವಿಜ್ಞಾನ ಕಲಿಕೆಯ ಸಂಶೋಧಕಿ. ನೂರಾರು ತರಗತಿಗಳ ಟೇಪ್ ಕೇಳಿ, 1974ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡು ಮಾತ್ರ ಕಾಯುತ್ತಿದ್ದರು. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನು ತಿರುಗಿಸಿ ಕೇಳುವುದು, ಇನ್ನೊಬ್ಬರ ಕಡೆ ಹೋಗುವುದು, ಇಲ್ಲವೇ ತಾವೇ ಉತ್ತರ ಹೇಳಿಬಿಡುವುದು. ಆ 1 ಸೆಕೆಂಡನ್ನು 3 ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು. ಟೀಚರ್ ಕೇಳದಿದ್ದರೂ ತಾವಾಗಿ ಮಾತಾಡುವ ಮಕ್ಕಳು ಹೆಚ್ಚಾದರು. ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸತೊಡಗಿದರು. ಇನ್ನೊಂದು ವಿಷಯವನ್ನೂ ಅವರು ಗುರುತಿಸಿದ್ದರು. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಓಡಾಡಿದ್ದೆ. ಜಾಣರು ಅಂತ ಟೀಚರ್ ಅಂದುಕೊಂಡ ಮಕ್ಕಳಿಗೆ ಹೆಚ್ಚು ಹೊತ್ತು ಸಿಗುತ್ತಿತ್ತು. ಹಿಂದುಳಿದವರು ಅಂತ ಅಂದುಕೊಂಡ ಮಕ್ಕಳಿಗೆ ಕಡಿಮೆ. ಯಾರಿಗೆ ಹೊತ್ತು ಬೇಕಿತ್ತೋ ಅವರಿಗೇ ಸಿಗಲಿಲ್ಲ.

ಒಂಬತ್ತು ವರ್ಷ ನಾನೂ ಅದನ್ನೇ ಮಾಡಿದ್ದೆ. ಕೆಲವು ಮಕ್ಕಳ ಮುಖ ಈಗಲೂ ನೆನಪಾಗುತ್ತದೆ. ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನ ಬೆಂಚಿಗೆ ಹೋಗಿಬಿಡುತ್ತಿದ್ದೆ.

ಇಷ್ಟು ಓದಿಕೊಂಡು ಫೀಲ್ಡ್‌ಗೆ ಹೋದೆ. ಮೊದಲ ಪೈಲಟ್ ಸಂದರ್ಶನ, ಅಂದರೆ ಪರೀಕ್ಷೆಗೆ ಅಂತ ಮಾಡಿ ನೋಡುವ ಸಂದರ್ಶನ, ಒಬ್ಬ ಹಿರಿಯ ಟೀಚರ್ ಜೊತೆ. ಚೆನ್ನಾಗಿ ಆಯಿತು ಅಂದುಕೊಂಡು ಬಂದೆ. ಟೈಪ್ ಮಾಡಲು ಕೂತಾಗ ಗೊತ್ತಾಯಿತು. "ಒಂದು ಮಗು ಉತ್ತರ ಹೇಳದೆ ಸುಮ್ನೆ ನಿಂತಾಗ ನಿಮಗೆ ಏನನ್ನಿಸುತ್ತೆ?" ಅಂತ ನಾನು ಕೇಳಿದ್ದೇನೆ. ಅವರು ಉಸಿರೆಳೆದುಕೊಂಡದ್ದು ಕೇಳಿಸುತ್ತದೆ. 1.4 ಸೆಕೆಂಡು. ಆಮೇಲೆ ನನ್ನದೇ ದನಿ: "ಅಂದ್ರೆ, ಬೇಜಾರಾಗುತ್ತಾ?" ಅವರು "ಹೂಂ, ಬೇಜಾರಾಗುತ್ತೆ" ಅಂದರು. ಅಲ್ಲಿಗೆ ಮುಗಿಯಿತು. ಆ ಉಸಿರಿನ ಹಿಂದೆ ಏನಿತ್ತು ಅಂತ ನನಗೆ ಎಂದಿಗೂ ತಿಳಿಯುವುದಿಲ್ಲ. ನಲವತ್ತು ನಿಮಿಷದಲ್ಲಿ ಹದಿನಾರು ಸಲ ಹೀಗೆ ಮಾಡಿದ್ದೆ. ಎಣಿಸಿದೆ.

ಹೆಡ್‌ಫೋನ್ ತೆಗೆದಿಟ್ಟು ನೇರ ಗೈಡ್ ಹತ್ತಿರ ಹೋದೆ. "ಮೇಡಂ, ಈ ಸಂದರ್ಶನ ಹಾಳಾಗಿದೆ, ಬಿಟ್ಟುಬಿಡ್ತೀನಿ" ಅಂದೆ. ಅವರು ಪ್ರಿಂಟ್ ತೆಗೆದುಕೊಂಡು ನಿಧಾನವಾಗಿ ಓದಿದರು. "ಬಿಡಬೇಡ. ನೀನು ಎಲ್ಲೆಲ್ಲಿ ಮಾತಾಡಿದೀಯೋ ಅಲ್ಲೆಲ್ಲ ಗುರುತು ಹಾಕು. ಮೆಥಡಾಲಜಿ ಅಧ್ಯಾಯದಲ್ಲಿ ಇದನ್ನೇ ಬರಿ" ಅಂದರು. ಬರೆದೆ. ನಾಲ್ಕು ಪುಟ ಆಯಿತು. ಇಡೀ ಥೀಸಿಸ್‌ನಲ್ಲಿ ನನಗೆ ಈವರೆಗೆ ಧೈರ್ಯ ಕೊಡುವ ನಾಲ್ಕು ಪುಟ ಅವು.

ಶಿಕ್ಷಣ ವಿಭಾಗ ಅಂದರೆ ಏನು ಅಂತ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಟೀಚರ್ ಟ್ರೈನಿಂಗ್ ಕೊಡುವ ಜಾಗ ಅಂದುಕೊಳ್ಳುತ್ತಾರೆ. ಅದೂ ಹೌದು. ಆದರೆ ನಮ್ಮ ಸ್ಕಾಲರ್‌ಗಳ ಕೋಣೆಯಲ್ಲಿ ಎಂಟು ಮೇಜುಗಳಿವೆ, ಎಂಟು ಬೇರೆ ಬೇರೆ ಲೋಕ. ನನ್ನ ಪಕ್ಕದ ಗೆಳತಿ ಗಣಿತದಿಂದ ಬಂದವಳು, ಸಾವಿರಾರು ಮಕ್ಕಳ ಅಂಕಗಳ ಮೇಲೆ ರಿಗ್ರೆಶನ್ ಎನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ಓಡಿಸುತ್ತಾಳೆ. ಎದುರಿಗಿರುವವರು ಇತಿಹಾಸದವರು, ಹಳೆಯ ಪಠ್ಯಪುಸ್ತಕಗಳ ರಾಶಿಯ ಹಿಂದೆ ಕಾಣಿಸುವುದೇ ಇಲ್ಲ. ಒಬ್ಬರು ಮನಃಶಾಸ್ತ್ರ, ಒಬ್ಬರು ಸಮಾಜಶಾಸ್ತ್ರ. ಮೂಲೆಯಲ್ಲಿ ಕೂರುವ ಹಿರಿಯರು ಹೆಡ್‌ಮಾಸ್ಟರ್ ಆಗಿ ನಿವೃತ್ತರಾಗಿ ಬಂದವರು. "ಪುರಾವೆ" ಎನ್ನುವ ಒಂದೇ ಮಾತಿಗೆ ಈ ಕೋಣೆಯಲ್ಲಿ ಎಂಟು ಅರ್ಥ. ಗೆಳತಿಗೆ ನನ್ನ ಹನ್ನೆರಡು ತರಗತಿಗಳು ತೀರಾ ಕಡಿಮೆ. ನನಗೆ ಅವಳ ಸಾವಿರಾರು ಮಕ್ಕಳಲ್ಲಿ ಒಂದು ಮಗುವೂ ಕಾಣುವುದಿಲ್ಲ. ಮೊದಲ ವರ್ಷ ಇದರ ಬಗ್ಗೆ ಜಗಳವನ್ನೇ ಆಡಿದ್ದೆವು. ಈಗ ಒಬ್ಬರ ಡ್ರಾಫ್ಟ್ ಇನ್ನೊಬ್ಬರು ಓದುತ್ತೇವೆ. ನನ್ನ ಸಂಖ್ಯೆಗಳಲ್ಲಿ ತಪ್ಪು ಹಿಡಿದುಕೊಟ್ಟವಳು ಅವಳೇ.

ಹದಿನೈದು ದಿನಕ್ಕೊಮ್ಮೆ ಓದುವ ಗುಂಪು ಸೇರುತ್ತದೆ. ನನಗೆ ಈ ವಿಭಾಗದಲ್ಲಿ ತುಂಬ ಇಷ್ಟವಾದದ್ದು ಇದೇ. ಹತ್ತು ಪುಟ ಮಾತ್ರ ಓದಬೇಕು, ಆದರೆ ಸಾಲು ಸಾಲಾಗಿ. ಒಂದು ಸಲ ನನ್ನ ಪೇಪರ್ ಒಂದರ ಸಾರಾಂಶವನ್ನು ಅಲ್ಲಿ ಓದಿದೆ. "ವೈಗಾಟ್ಸ್ಕಿ ಹೇಳಿದ ಸ್ಕಾಫೋಲ್ಡಿಂಗ್" ಅಂತ ಬರೆದಿದ್ದೆ. ಹೆಡ್‌ಮಾಸ್ಟರ್ ಸರ್ ಮೆತ್ತಗೆ ಕೇಳಿದರು, "ಎಲ್ಲಿ ಹೇಳಿದಾರಮ್ಮ?" ಹುಡುಕಿದೆ. ಸಿಗಲಿಲ್ಲ. ವೈಗಾಟ್ಸ್ಕಿ ಸೋವಿಯತ್ ಮನಃಶಾಸ್ತ್ರಜ್ಞರು, 1934ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡವರು. ಮಗು ಇನ್ನೊಬ್ಬರ ನೆರವಿನಿಂದ ಎಷ್ಟು ದೂರ ಹೋಗಬಲ್ಲದು ಅಂತ ಯೋಚಿಸಿದವರು ಅವರು, ನಿಜ. ಆದರೆ ಕಟ್ಟಡಕ್ಕೆ ಸಾರುವೆ ಕಟ್ಟಿದ ಹಾಗೆ ನೆರವು ಕೊಟ್ಟು ಆಮೇಲೆ ಬಿಚ್ಚುವುದು ಎನ್ನುವ ಅರ್ಥದ ಆ ಮಾತನ್ನು ಮಗುವಿಗೆ ಕಲಿಸುವ ಬಗೆಗೆ ಬಳಸಿದ್ದು ವುಡ್, ಬ್ರೂನರ್ ಮತ್ತು ರಾಸ್, 1976ರ ಲೇಖನದಲ್ಲಿ. ಹತ್ತಾರು ಪೇಪರ್‌ಗಳಲ್ಲಿ ನೋಡಿದ್ದನ್ನು ನಾನು ಹಾಗೇ ಎತ್ತಿ ಬರೆದಿದ್ದೆ. ಸರ್ ಕೇಳಿ ಸುಮ್ಮನೆ ಕಾಯುತ್ತಾ ಕೂತರು. "ಗೊತ್ತಿಲ್ವಾ?" ಅನ್ನಲಿಲ್ಲ. ಮುಂದಿನ ಸಲ ನಾನೇ ಉತ್ತರ ತಂದೆ. ಅವರು ನಲವತ್ತು ವರ್ಷ ಹೇಗೆ ಪಾಠ ಮಾಡಿರಬಹುದು ಅಂತ ಅವತ್ತು ಅರ್ಥವಾಯಿತು.

ಆದರೆ ವಾರದ ಸೆಮಿನಾರ್ ಹೀಗಿರಲಿಲ್ಲ. ನಲವತ್ತು ನಿಮಿಷ ಮಂಡನೆ, ಇಪ್ಪತ್ತು ನಿಮಿಷ ಪ್ರಶ್ನೆ ಅಂತ ನೋಟಿಸ್‌ನಲ್ಲಿ ಇರುತ್ತದೆ. ಮಂಡನೆ ಐವತ್ತು ನಿಮಿಷಕ್ಕೆ ಹೋಗುತ್ತದೆ. ಅಧ್ಯಕ್ಷತೆ ವಹಿಸಿದವರು "ಪ್ರಶ್ನೆಗಳು ಇವೆಯಾ?" ಅಂತ ಕೇಳಿ ಸುತ್ತ ಕಣ್ಣು ಹಾಯಿಸುತ್ತಾರೆ. ಯಾರೂ ಮಾತಾಡದಿದ್ದರೆ ತಾವೇ ಒಂದು ಪ್ರಶ್ನೆ ಕೇಳುತ್ತಾರೆ. ಇಲ್ಲವೇ ಮುಂದಿನ ಸಾಲಿನ ಮೂವರಲ್ಲಿ ಒಬ್ಬರು ಕೈ ಎತ್ತುತ್ತಾರೆ. ಪ್ರತಿ ವಾರ ಅದೇ ಮೂವರು. ಅವರು ಕೆಟ್ಟವರಲ್ಲ, ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತಾರೆ. ಆದರೆ ಹಿಂದೆ ಕೂತ ಇಪ್ಪತ್ತು ಸ್ಕಾಲರ್‌ಗಳು, ಎಂ.ಎಡ್. ವಿದ್ಯಾರ್ಥಿಗಳು ಸಹಿ ಹಾಕಿ, ಕೇಳಿಸಿಕೊಂಡು, ಎದ್ದು ಹೋಗುತ್ತಿದ್ದೆವು. ಎರಡು ವರ್ಷ ನಾನು ಒಂದೂ ಪ್ರಶ್ನೆ ಕೇಳಲಿಲ್ಲ. ನೋಟ್‌ಬುಕ್‌ನಲ್ಲಿ ಮಾತ್ರ ಬರೆದುಕೊಳ್ಳುತ್ತಿದ್ದೆ. ಈಚೆಗೆ ತೆರೆದು ನೋಡಿದೆ, ಮೂವತ್ತೊಂದು ಪ್ರಶ್ನೆಗಳಿವೆ. ಕೆಲವು ಈಗಲೂ ಕೇಳಬೇಕಾದ ಪ್ರಶ್ನೆಗಳು.

ಯಾಕೆ ಕೇಳಲಿಲ್ಲ? ಹೆದರಿಕೆ ಅನ್ನುವುದು ಸುಲಭದ ಉತ್ತರ. ಪೂರ್ತಿ ನಿಜ ಅಲ್ಲ. ಪ್ರಶ್ನೆ ಬಾಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಬೇರೆಯವರು ಶುರು ಮಾಡಿಬಿಡುತ್ತಿದ್ದರು. ದಿನನಿತ್ಯದ ಮಾತಿನಲ್ಲಿ ನಾವೆಲ್ಲರೂ ತುಂಬ ಬೇಗ ಉತ್ತರಿಸುತ್ತೇವೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 10 ಭಾಷೆಗಳ ಸಂಭಾಷಣೆಗಳನ್ನು ಅಳೆದಿತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಅಂಥ ಅಭ್ಯಾಸ ಇರುವ ನಮಗೆ ಸಭೆಯಲ್ಲಿ 2 ಸೆಕೆಂಡಿನ ಮೌನ ಅಂದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಯಾರಾದರೂ ಅದನ್ನು ತುಂಬಲೇಬೇಕು. ತುಂಬುವವರು ಯಾರು? ಅಭ್ಯಾಸ ಇದ್ದವರು. ಸಂಶೋಧಕಿ ಅಲೀಸಿಯಾ ಕಾರ್ಟರ್ ಮತ್ತು ಸಂಗಡಿಗರು 10 ದೇಶಗಳ ಸುಮಾರು 250 ಸೆಮಿನಾರ್‌ಗಳನ್ನು ನೋಡಿ 2018ರಲ್ಲಿ ಬರೆದಿದ್ದರು. ಸಭೆಯಲ್ಲಿ ಹೆಂಗಸರು ಸಾಕಷ್ಟು ಇದ್ದರೂ ಪ್ರಶ್ನೆ ಕೇಳುವವರಲ್ಲಿ ಗಂಡಸರೇ ಜಾಸ್ತಿ. ಮೊದಲ ಪ್ರಶ್ನೆ ಗಂಡಸರದ್ದಾದರೆ, ಆಮೇಲೆ ಹೆಂಗಸರ ಪ್ರಶ್ನೆಗಳ ಪಾಲು ಇನ್ನೂ ಇಳಿಯುತ್ತದೆ. ಆ ಪೇಪರ್ ಓದಿ ನಮ್ಮ ಹಿಂದಿನ ಸಾಲನ್ನು ನೆನೆದುಕೊಂಡೆ.

ಇನ್ನೂ ಒಂದು ಮಾತು ನನ್ನನ್ನು ಕಾಡುತ್ತಿತ್ತು. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಹೇಳಿದ್ದು. ಟೀಚರ್ ಆಗುವವರು ತರಬೇತಿಗೆ ಬರುವ ಮುಂಚೆಯೇ ವಿದ್ಯಾರ್ಥಿಗಳಾಗಿ ಕೂತು ಸುಮಾರು 13,000 ಗಂಟೆ ಟೀಚರ್‌ಗಳನ್ನು ನೋಡಿರುತ್ತಾರೆ. ಆ ನೋಡುವಿಕೆಯಲ್ಲೇ ಕಲಿತುಬಿಟ್ಟಿರುತ್ತಾರೆ, ಹಾಗಾಗಿ ತರಬೇತಿಯಲ್ಲಿ ಹೇಳಿದ್ದು ಅಷ್ಟಾಗಿ ಅಂಟುವುದಿಲ್ಲ. ಸೆಮಿನಾರ್ ಕೂಡ ಹಾಗೇ ಅಲ್ವಾ? ನಾಳೆ ಸಭೆ ನಡೆಸಬೇಕಾದವರು ನಾವು. ಹಿಂದೆ ಕೂತು ನೋಡಿದ್ದನ್ನೇ ನಡೆಸುತ್ತೇವೆ. ಮಕ್ಕಳಿಗೆ 3 ಸೆಕೆಂಡು ಕೊಡಿ ಅಂತ ಟೀಚರ್‌ಗಳಿಗೆ ಹೇಳಿಕೊಡುವ ವಿಭಾಗದಲ್ಲೇ ಯಾರೂ ಯಾರಿಗೂ 3 ಸೆಕೆಂಡು ಕೊಡದಿದ್ದರೆ ಹೇಗೆ?

ಈ ವರ್ಷ ಸ್ಕಾಲರ್‌ಗಳೇ ನಡೆಸುವ ವಾರ್ಷಿಕ ಸಮ್ಮೇಳನದ ಸಮಿತಿಗೆ ನನ್ನ ಹೆಸರು ಬಂತು. ಅಲ್ಲಿ ಈ ಮಾತು ಎತ್ತಿದೆ. ಕಾರ್ಯಕ್ರಮ ಪಟ್ಟಿ ಬೋರ್ಡ್ ಮೇಲೆ ಬರೆದು ಲೆಕ್ಕ ಹಾಕಿದೆವು. ತೊಂಬತ್ತು ನಿಮಿಷದ ಒಂದು ಗೋಷ್ಠಿ, ನಾಲ್ಕು ಪೇಪರ್. ಒಬ್ಬರಿಗೆ ಹದಿನೈದು ನಿಮಿಷ ಮಂಡನೆ, ಐದು ನಿಮಿಷ ಪ್ರಶ್ನೆ. ಒಟ್ಟು ಎಂಬತ್ತು. ಪೆನ್‌ಡ್ರೈವ್ ಹಾಕಿ ತೆಗೆಯಲು, ಪರಿಚಯ ಹೇಳಲು ಹತ್ತು. ಒಬ್ಬೊಬ್ಬರು ನಾಲ್ಕು ನಿಮಿಷ ಜಾಸ್ತಿ ತೆಗೆದುಕೊಂಡರೂ ಹದಿನಾರು ನಿಮಿಷ ಹೋಯಿತು. ಆ ಹದಿನಾರು ನಿಮಿಷ ಬರುವುದು ಪ್ರಶ್ನೆಗಳ ಇಪ್ಪತ್ತರಿಂದಲೇ. ಗೆಳತಿ ಸೀಮೆಸುಣ್ಣ ಕೆಳಗಿಟ್ಟು, "ಮೂರೇ ಪೇಪರ್ ಇಡೋಣ" ಅಂದಳು. ಇದು ಸುಲಭದ ತೀರ್ಮಾನ ಆಗಿರಲಿಲ್ಲ. ಒಂದು ಪೇಪರ್ ಕಡಿಮೆ ಅಂದರೆ ಒಬ್ಬರಿಗೆ ಅವಕಾಶ ಇಲ್ಲ. ರೆಸ್ಯೂಮೆಯಲ್ಲಿ ಒಂದು ಸಾಲು ಇಲ್ಲ. ಎರಡು ಸಭೆ ಅದರ ಮೇಲೇ ಹೋಯಿತು. ಕೊನೆಗೆ, ಅಧ್ಯಯನ ಇನ್ನೂ ಮುಗಿಯದವರಿಗೆ ಪೋಸ್ಟರ್ ಅವಕಾಶ ಕೊಟ್ಟು ಗೋಷ್ಠಿಗಳಲ್ಲಿ ಮೂರು ಪೇಪರ್ ಉಳಿಸಿಕೊಂಡೆವು.

ಮತ್ತೆ ಮೂರು ನಿಯಮ ಮಾಡಿದೆವು. ಮಂಡನೆ ಮುಗಿದ ತಕ್ಷಣ ಎರಡು ನಿಮಿಷ ಎಲ್ಲರೂ ಸುಮ್ಮನಿದ್ದು ತಮ್ಮ ಪ್ರಶ್ನೆ ಬರೆಯಬೇಕು, ಆಮೇಲೆ ಒಂದು ನಿಮಿಷ ಪಕ್ಕದವರ ಜೊತೆ ಮಾತಾಡಬೇಕು. ಮೊದಲ ಪ್ರಶ್ನೆ ವಿದ್ಯಾರ್ಥಿಗಳದ್ದು. "ಪ್ರಶ್ನೆ ಇಲ್ವಾ ಹಾಗಾದ್ರೆ?" ಅಂತ ಚೇರ್, ಅಂದರೆ ಗೋಷ್ಠಿ ನಡೆಸುವವರು, ಕೇಳಬಾರದು. ಯೋಚಿಸು, ಜೋಡಿಯಾಗಿ ಮಾತಾಡು, ಎಲ್ಲರಿಗೂ ಹೇಳು ಎನ್ನುವ ಈ ಕ್ರಮ ನಮ್ಮದಲ್ಲ. ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲೇ ಶಾಲಾ ತರಗತಿಗಳಿಗೆ ಅಂತ ಬರೆದಿಟ್ಟದ್ದು. ಒಬ್ಬ ಅಧ್ಯಾಪಕರು, "ಇವರೆಲ್ಲ ದೊಡ್ಡವರು, ಸ್ಕೂಲ್ ಮಕ್ಕಳ ಹಾಗೆ ನಡೆಸಿಕೊಳ್ಳೋದಾ?" ಅಂದರು. ನನಗೆ ಆ ಮಾತು ನೋವಾಯಿತು. ಸ್ಕೂಲ್ ಮಕ್ಕಳಿಗೆ ಒಳ್ಳೆಯದು ಅಂತ ಗೊತ್ತಿರುವುದು ನಮಗೆ ಕಡಿಮೆ ದರ್ಜೆಯದಾಗುವುದು ಹೇಗೆ? ಅವರ ಎದುರು ಅಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಮಾಡಿ ನೋಡಿ" ಅಂದರು.

ಮೊದಲ ಗೋಷ್ಠಿಯಲ್ಲಿ ಇದು ಕೆಲಸ ಮಾಡಲಿಲ್ಲ. ಎರಡು ನಿಮಿಷದ ಮೌನದಲ್ಲಿ ಮಂಡಿಸಿದವರಿಗೇ ಕಸಿವಿಸಿಯಾಗಿ, "ಒಂದು ಸ್ಲೈಡ್ ಬಿಟ್ಟಿದ್ದೆ" ಅಂತ ಮತ್ತೆ ಶುರು ಮಾಡಿದರು. ಚೇರ್ ತಡೆಯಲಿಲ್ಲ.

ಎರಡನೆಯದಕ್ಕೆ ನಾನು ಚೇರ್. ಮಂಡಿಸಿದವಳು ನಮ್ಮ ಜೂನಿಯರ್. ಮಕ್ಕಳಿಗೆ ಮನೆಯಲ್ಲಿ ಹೋಮ್‌ವರ್ಕ್ ಮಾಡಲು ಯಾರು ಸಹಾಯ ಮಾಡುತ್ತಾರೆ ಎನ್ನುವುದು ವಿಷಯ. ಎರಡು ತರಗತಿಗಳ ಅರವತ್ತು ಮಕ್ಕಳಿಗೆ ಪೋಷಕರ ಒಪ್ಪಿಗೆ ಪತ್ರ ಕಳಿಸಿದ್ದಳು. ನಲವತ್ತೆರಡು ಸಹಿಯಾಗಿ ವಾಪಸ್ ಬಂದಿದ್ದವು. ಆ ನಲವತ್ತೆರಡು ಮಕ್ಕಳ ಜೊತೆ ಮಾತಾಡಿದ್ದಳು. ಚೊಕ್ಕವಾದ ಕೆಲಸ. ಹೆಚ್ಚಿನ ಮನೆಗಳಲ್ಲಿ ಯಾರೋ ಒಬ್ಬರು ಪಕ್ಕದಲ್ಲಿ ಕೂರುತ್ತಾರೆ ಅಂತ ಅವಳ ತೀರ್ಮಾನ. ಬರೆಯುವ ಎರಡು ನಿಮಿಷ, ಮಾತಾಡುವ ಒಂದು ನಿಮಿಷ ಮುಗಿಯಿತು. "ಈಗ ಕೇಳಿ" ಅಂದೆ. ಯಾರೂ ಇಲ್ಲ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಾ ನಿಂತೆ. ಐದು. ಆರು. ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಲು ಹೋಗಿ ನಿಯಮ ನೆನಪಾಗಿ ಇಳಿಸಿದರು. ಅವರಿಗೆ ನಾನು ಋಣಿ. ಎಂಟು. ಒಂಬತ್ತು. ನನ್ನ ಅಂಗೈ ಬೆವರುತ್ತಿತ್ತು. ಹನ್ನೊಂದಕ್ಕೆ ಬಾಗಿಲ ಪಕ್ಕ ಕೂತಿದ್ದ ಎಂ.ಎಡ್. ಮೊದಲ ವರ್ಷದ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಚೀಟಿ ಇತ್ತು, ನೋಡಿಕೊಂಡೇ ಓದಿದಳು.

"ಅಕ್ಕಾ, ಸಹಿ ಹಾಕಿಸಿಕೊಂಡು ಬರದ ಹದಿನೆಂಟು ಮಕ್ಕಳ ಮನೇಲಿ ಹೋಮ್‌ವರ್ಕ್ ಯಾರು ಮಾಡಿಸ್ತಾರೆ?"

ಒಪ್ಪಿಗೆ ಪತ್ರ ಓದಿ ಸಹಿ ಹಾಕಿ ಬ್ಯಾಗಿನಲ್ಲಿ ಇಟ್ಟು ಕಳಿಸುವವರು ಇರುವ ಮನೆಯಲ್ಲೇ ಹೋಮ್‌ವರ್ಕ್ ನೋಡುವವರೂ ಇರುವ ಸಾಧ್ಯತೆ ಹೆಚ್ಚು. ಪತ್ರ ಬ್ಯಾಗಿನಲ್ಲೇ ಉಳಿದ ಮನೆಗಳು ಲೆಕ್ಕದಿಂದಲೇ ಹೊರಗೆ ಉಳಿದಿದ್ದವು. ಗೈಡ್, ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿ, ನಾವೆಲ್ಲ ಸ್ನೇಹಿತರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಜೂನಿಯರ್ ಬಾಯಿ ತೆರೆದು ಮುಚ್ಚಿದಳು. ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು, ಇದನ್ನು ಅಧ್ಯಯನದ ಮಿತಿ ಅಂತ ಬರೆಯಬಹುದು ಅಂತ ಹೇಳಿ ಅವಳನ್ನು ಪಾರು ಮಾಡಲು. ರೋ ಎರಡು ಕಾಯುವಿಕೆಗಳ ಬಗ್ಗೆ ಬರೆದಿದ್ದಾರೆ. ಒಂದು ಪ್ರಶ್ನೆಯ ನಂತರದ್ದು. ಇನ್ನೊಂದು, ಉತ್ತರಿಸುವವರು ಒಂದಿಷ್ಟು ಹೇಳಿ ನಿಂತಾಗ ಮಧ್ಯೆ ಬಾಯಿ ಹಾಕದೆ ಇರುವುದು. ಎರಡನೆಯದು ನನಗೆ ಇವತ್ತಿಗೂ ಕಷ್ಟ. ತುಟಿ ಬಿಗಿ ಹಿಡಿದೆ.

"ನನಗೆ ಗೊತ್ತಿಲ್ಲ" ಅಂದಳು. ನಿಂತಳು. ನಾವು ಕಾದೆವು. "ಆ ಹದಿನೆಂಟು ಮನೆ ಬಗ್ಗೆ ನಾನು ಯೋಚನೆನೇ ಮಾಡಿರಲಿಲ್ಲ. ಒಪ್ಪಿಗೆ ಇಲ್ಲದೆ ಆ ಮಕ್ಕಳ ಜೊತೆ ಮಾತಾಡೋ ಹಾಗಿಲ್ಲ. ಆದ್ರೆ ಒಪ್ಪಿಗೆ ಕೇಳೋ ರೀತಿನೇ ಬದಲಾಯಿಸಬಹುದು, ಅಲ್ವಾ? ಕಾಗದ ಕಳಿಸೋ ಬದಲು ನಾನೇ ಹೋಗಿ, ಓದಿ ಹೇಳಿ ಕೇಳಬಹುದು."

ಆಮೇಲೆ ಕೈಗಳು ಮೇಲೇಳುತ್ತಲೇ ಹೋದವು. ಹೆಡ್‌ಮಾಸ್ಟರ್ ಸರ್, ಪೋಷಕರು ಯಾವ ಹೊತ್ತಿಗೆ ಮನೆಯಲ್ಲಿ ಸಿಗುತ್ತಾರೆ ಅಂತ ತಮ್ಮ ಅನುಭವ ಹೇಳಿದರು. ಗಣಿತದ ಗೆಳತಿ, ಹದಿನೆಂಟರಲ್ಲಿ ಆರು ಮನೆ ಸಿಕ್ಕಿದರೂ ತೀರ್ಮಾನ ಹೇಗೆ ಬದಲಾಗಬಹುದು ಅಂತ ಬೋರ್ಡ್ ಮೇಲೆ ಬರೆದು ತೋರಿಸಿದಳು. ಬರೆದ ಚೀಟಿಗಳನ್ನೆಲ್ಲ ಒಟ್ಟುಮಾಡಿ ಜೂನಿಯರ್ ಕೈಗೆ ಕೊಟ್ಟೆವು. ಹೇಳಲಾಗದವರ ಪ್ರಶ್ನೆಗಳೂ ಅವಳಿಗೆ ತಲುಪಿದವು. ಇಪ್ಪತ್ತಾರು ಚೀಟಿ.

ಮಧ್ಯಾಹ್ನದ ಪೋಸ್ಟರ್ ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಗ ಸಾಲಲಿಲ್ಲ, ಅಕ್ಷರ ಚಿಕ್ಕದಾಗಿದ್ದವು. ಮುಂದಿನ ವರ್ಷ ಸರಿ ಮಾಡಬೇಕು.

ಆ ಹನ್ನೊಂದು ಸೆಕೆಂಡು ನನ್ನ ಥೀಸಿಸ್‌ಗೆ ಬರುವುದಿಲ್ಲ. ರೆಕಾರ್ಡ್ ಮಾಡಿರಲಿಲ್ಲ, ಯಾರ ಒಪ್ಪಿಗೆಯನ್ನೂ ಪಡೆದಿರಲಿಲ್ಲ. ಅದು ಡೇಟಾ ಅಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.

ಜೂನಿಯರ್ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಅರ್ಜಿ ಹಾಕಿದ್ದಾಳೆ. ಮನೆಗೆ ಹೋಗಿ ಏನು ಹೇಳಬೇಕು ಅಂತ ಬರೆದುಕೊಂಡು, ನಿನ್ನೆ ನನ್ನ ಮೇಜಿನ ಹತ್ತಿರ ಬಂದು ಓದಿದಳು. ಅವಳ ಜೊತೆ ಆ ಎಂ.ಎಡ್. ಹುಡುಗಿಯೂ ಬಂದಿದ್ದಳು. "ಇಲ್ಲಿ ಒಂದು ಸಾಲು ಬಿಟ್ಟೋಗಿದೆ ಅಕ್ಕಾ" ಅಂತ ಕಾಗದದ ಮೇಲೆ ಬೆರಳಿಟ್ಟು ತೋರಿಸಿದಳು. "ಬೇಡ ಅನ್ನೋಕೂ ಅವರಿಗೆ ಟೈಮ್ ಕೊಡಬೇಕು."